ಬಟವಾಡೆ ಪಟ್ಟಿಗೆ ಚೆಕ್‌ರೋಲ್: ಕ್ರಿಪ್ಟೊ ಸಮುದಾಯಗಳ ಅನುದಾನ ಮತ್ತು ಇನ್‌ಫ್ಲುಯೆನ್ಸರ್ ಒಪ್ಪಂದಗಳಿಗೆ ಲೆಕ್ಕ ಇಡುವ ಸಮಗ್ರ ಮಾರ್ಗದರ್ಶಿ

ಸುಂಟಿಕೊಪ್ಪದ ಬಳಿಯ ಕಾಫಿ ತೋಟವೊಂದರಲ್ಲಿ ನನ್ನ ತಂದೆ ರೈಟರ್ ಆಗಿದ್ದರು. ತೋಟದಲ್ಲಿ ರೈಟರ್ ಎಂದರೆ ಲೆಕ್ಕ ಬರೆಯುವವರು. ಬೆಳಿಗ್ಗೆ ಹಾಜರಿ ಕೂಗಿ ಚೆಕ್‌ರೋಲ್ ಎಂಬ ಪುಸ್ತಕ ತುಂಬುವುದು, ಯಾರು ತೋಟದ ಯಾವ ಭಾಗದಲ್ಲಿ ಯಾವ ಕೆಲಸ ಮಾಡಿದರೆಂದು ಸಂಜೆ ಗುರುತು ಹಾಕುವುದು, ಬಟವಾಡೆಯ ದಿನ ಆ ಪುಸ್ತಕ ನೋಡಿ ಕೂಲಿ ಎಣಿಸಿ ಕೊಡುವುದು ಅವರ ಕೆಲಸವಾಗಿತ್ತು. ಬಟವಾಡೆಯ ಪಟ್ಟಿ ಮಾತ್ರ ಇದ್ದು ಚೆಕ್‌ರೋಲ್ ಇಲ್ಲದಿದ್ದರೆ ಯಾರಿಗೆ ಎಷ್ಟು ಹಣ ಹೋಯಿತೆಂಬುದು ತಿಳಿಯುತ್ತದೆ. ಏತಕ್ಕೆ ಹೋಯಿತೆಂಬುದು ತಿಳಿಯುವುದಿಲ್ಲ. ಬ್ಲಾಕ್‌ಚೈನ್ ಎಂಬ, ಎಲ್ಲರೂ ನೋಡಬಹುದಾದ ಡಿಜಿಟಲ್ ಲೆಕ್ಕದ ಪುಸ್ತಕ ಬಳಸುವ ಸಮುದಾಯವೊಂದರ ಅನುದಾನ ಸಮಿತಿಯಲ್ಲಿ, ಹಣ ಬಿಡುಗಡೆಗೆ ಒಪ್ಪಿಗೆ ಹಾಕುವ ಸಹಿದಾರನಾಗಿ ಕುಳಿತ ಮೊದಲ ವರ್ಷವೇ ನನಗೆ ಈ ಮಾತು ನೆನಪಾಯಿತು. ಯಾರೂ ತಿದ್ದಲಾಗದಂಥ, ಕೊನೆಯ ಬಿಡಿಕಾಸಿನವರೆಗೂ ನಿಖರವಾದ ಬಟವಾಡೆ ಪಟ್ಟಿ ನಮ್ಮಲ್ಲಿತ್ತು. ಚೆಕ್‌ರೋಲ್ ಇರಲಿಲ್ಲ.

ಮಡಿಕೇರಿ, ಕುಶಾಲನಗರ, ವಿರಾಜಪೇಟೆಯಂಥ ಊರುಗಳಲ್ಲಿ ಕುಳಿತು ಇಂಥ ಸಮುದಾಯಗಳಿಗೆ ಕೆಲಸ ಮಾಡುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಅವರಲ್ಲಿ ಅನುದಾನ ಕೊಡುವ ಸಮಿತಿಯಲ್ಲಿ ಇರುವವರೂ ಇದ್ದಾರೆ, ಅನುದಾನ ಪಡೆದು ತಂತ್ರಾಂಶ ಬರೆಯುವವರೂ ಇದ್ದಾರೆ, ಕನ್ನಡದಲ್ಲಿ ವಿಡಿಯೊ ಮಾಡಿ ಪ್ರಚಾರದ ಹಣ ಪಡೆಯುವವರೂ ಇದ್ದಾರೆ. ಡಿಎಒ ಎಂದು ಕರೆಯುವ ವಿಕೇಂದ್ರಿತ ಸಂಘಟನೆಯಲ್ಲಿ ಟೋಕನ್, ಅಂದರೆ ಸಮುದಾಯ ಹೊರಡಿಸುವ ಡಿಜಿಟಲ್ ನಾಣ್ಯ, ಉಳ್ಳವರು ಅಥವಾ ಅವರಿಂದ ಮತಾಧಿಕಾರ ಪಡೆದ ಡೆಲಿಗೇಟ್‌ಗಳು ಪ್ರಸ್ತಾವಗಳಿಗೆ ಮತ ಹಾಕುತ್ತಾರೆ, ಗೆದ್ದ ಪ್ರಸ್ತಾವದ ಹಣ ತಾನಾಗಿಯೇ ನಡೆಯುವ ಸ್ಮಾರ್ಟ್ ಕಾಂಟ್ರ್ಯಾಕ್ಟ್ ಎಂಬ ತಂತ್ರಾಂಶದಿಂದಲೋ ಹಲವರ ಸಹಿ ಬೇಕಾದ ಮಲ್ಟಿಸಿಗ್ ವ್ಯಾಲೆಟ್ ಎಂಬ ಡಿಜಿಟಲ್ ಹಣದ ಚೀಲದಿಂದಲೋ ಹೊರಡುತ್ತದೆ ಎಂಬಷ್ಟು ಓದುಗರಿಗೆ ತಿಳಿದಿದೆ ಎಂದುಕೊಂಡಿದ್ದೇನೆ. ಯಾವ ಟೋಕನ್ ಕೊಳ್ಳಬೇಕೆಂಬ ಪ್ರಶ್ನೆಗೆ ಇಲ್ಲಿ ಉತ್ತರವಿಲ್ಲ.

ಎಲ್ಲವೂ ಕಾಣುತ್ತಿದ್ದರೂ ಲೆಕ್ಕ ಏಕೆ ಸಿಗುವುದಿಲ್ಲ

2024ರ ಮೊದಲ ಆರು ತಿಂಗಳಲ್ಲಿ ಪೋಲ್ಕಡಾಟ್ ಎಂಬ ಬ್ಲಾಕ್‌ಚೈನ್‌ನ ಸಮುದಾಯದ ಖಜಾನೆಯಿಂದ ಸುಮಾರು 8.7 ಕೋಟಿ ಡಾಲರ್ ಖರ್ಚಾಯಿತು. ಅದರಲ್ಲಿ ಸುಮಾರು 3.7 ಕೋಟಿ ಡಾಲರ್ ಜಾಹೀರಾತು, ಪ್ರಾಯೋಜಕತ್ವ, ಇನ್‌ಫ್ಲುಯೆನ್ಸರ್‌ಗಳು ಸೇರಿದ ಪ್ರಚಾರದ ಬಾಬಿಗೆ ಹೋಗಿತ್ತು. ಎಲ್ಲವೂ ಬಹಿರಂಗ ಮತದಿಂದಲೇ ಮಂಜೂರಾದ ಹಣ, ಯಾರೂ ಕದ್ದದ್ದಲ್ಲ. ಆದರೂ ಅರ್ಧವಾರ್ಷಿಕ ವರದಿ ಹೊರಬಂದಾಗ, ಇಷ್ಟು ಹಣಕ್ಕೆ ಬಂದದ್ದೇನು ಎಂದು ಸಮುದಾಯದ ಒಳಗಿನವರೇ ಕೇಳಿದರು. 2021ರಲ್ಲಿ ಟೋಕನ್ ವಿನಿಮಯದ ವೇದಿಕೆಯಾದ ಯೂನಿಸ್ವಾಪ್‌ನ ಸಮುದಾಯವು ಕ್ರಿಪ್ಟೊ ನೀತಿಯ ಬಗ್ಗೆ ತಿಳಿವಳಿಕೆ ಮೂಡಿಸುವ ನಿಧಿಯೊಂದಕ್ಕೆ ತನ್ನ 10 ಲಕ್ಷ ಯುಎನ್‌ಐ ಟೋಕನ್ ಮಂಜೂರು ಮಾಡಿತು. ಹಲವು ವರ್ಷಗಳ ಕೆಲಸಕ್ಕೆಂದು ಕೇಳಿದ್ದ ಆ ಟೋಕನ್‌ಗಳಲ್ಲಿ ಅರ್ಧವನ್ನು ಅದೇ ವರ್ಷದ ಜುಲೈಯಲ್ಲಿ ಸುಮಾರು 1.02 ಕೋಟಿ ಡಾಲರ್‌ಗೆ ಮಾರಲಾಯಿತು. ಮಾರಾಟ ತಪ್ಪಾಗಿರಲಿಲ್ಲ, ಏಕೆಂದರೆ ಯಾವಾಗ ಎಷ್ಟು ಮಾರಬಹುದು ಎಂಬ ನಿಯಮವನ್ನೇ ಯಾರೂ ಬರೆದಿರಲಿಲ್ಲ. ಸಂಶಯ ಹುಟ್ಟಿದ್ದು ಆ ಖಾಲಿ ಜಾಗದಿಂದ.

ಆದ್ದರಿಂದ ಮುಂದೆ ಹೇಳುವ ಹೆಜ್ಜೆಗಳಲ್ಲಿ ಹೆಚ್ಚಿನವು ಹಣ ಹೊರಡುವುದಕ್ಕೆ ಮುಂಚಿನವು. ಹಣ ಹೋದ ಮೇಲೆ ಮಾಡಬಹುದಾದದ್ದು ಬಹಳ ಕಡಿಮೆ.

ಹೆಜ್ಜೆ 1: ಯಾರು, ಎಷ್ಟು, ಯಾವ ಬಾಬಿಗೆ

ಮೊದಲಿಗೆ ಎರಡು ಪುಟ ಮೀರದ ಖರ್ಚಿನ ನಿಯಮಾವಳಿಯನ್ನು ಬರೆದು ಮತಕ್ಕೆ ಹಾಕಿರಿ. ತಂತ್ರಾಂಶ, ಸುರಕ್ಷತಾ ಪರಿಶೀಲನೆ, ಕಾರ್ಯಕ್ರಮಗಳು, ಪ್ರಚಾರ, ಆಡಳಿತ ಎಂಬ ಬಾಬುಗಳನ್ನು ಬೇರ್ಪಡಿಸಿ ಒಂದೊಂದಕ್ಕೂ ತ್ರೈಮಾಸಿಕ ಮಿತಿ ಹಾಕಬೇಕು. ಒಂದು ಬಾಬಿನ ಹಣವನ್ನು ಇನ್ನೊಂದಕ್ಕೆ ವರ್ಗಾಯಿಸಲು ಹೊಸ ಮತ ಬೇಕೆಂದು ಬರೆಯಬೇಕು. ಈ ಸಾಲು ಇಲ್ಲದಿದ್ದರೆ ವರ್ಷದ ಕೊನೆಯಲ್ಲಿ ಉಳಿದದ್ದೆಲ್ಲ ಪ್ರಚಾರಕ್ಕೆ ಹರಿಯುತ್ತದೆ. ಖರ್ಚು ಮಾಡಲು ಅಷ್ಟು ಸುಲಭವಾದ ಬಾಬು ಮತ್ತೊಂದಿಲ್ಲ.

ಸಹಿದಾರರ ಆಯ್ಕೆಗೆ ಸಮಯ ಕೊಡಿ. ಮಲ್ಟಿಸಿಗ್‌ನಲ್ಲಿ ಐವರಲ್ಲಿ ಮೂವರ ಅಥವಾ ಏಳು ಮಂದಿಯಲ್ಲಿ ನಾಲ್ವರ ಸಹಿ ಸಾಕೆಂಬ ವ್ಯವಸ್ಥೆ ಸಣ್ಣ ಸಮುದಾಯಕ್ಕೆ ಹೊಂದುತ್ತದೆ. ಒಂದೇ ಕಂಪನಿಯ, ಒಂದೇ ಮನೆಯ ಇಬ್ಬರು ಅದರಲ್ಲಿರಬಾರದು. ಕೊಡಗಿನವರಿಗೆ ಇನ್ನೊಂದು ಮಾತು ಸೇರಿಸಬೇಕು. ಜೂನ್‌ನಿಂದ ಆಗಸ್ಟ್‌ವರೆಗೆ ಮರ ಬಿದ್ದು ವಿದ್ಯುತ್ ತಂತಿ ಕಡಿದುಹೋದರೆ ಎರಡು ಮೂರು ದಿನ ಮೊಬೈಲ್ ಸಿಗ್ನಲ್ ಕೂಡ ಸಿಗದ ಊರುಗಳು ನಮ್ಮಲ್ಲಿವೆ. ಐವರು ಸಹಿದಾರರಲ್ಲಿ ಮೂವರು ಭಾಗಮಂಡಲ, ನಾಪೋಕ್ಲು, ಶಾಂತಳ್ಳಿ ಕಡೆಯವರೇ ಆಗಿದ್ದರೆ ಒಂದು ಜೋರು ಮಳೆಗೆ ಖಜಾನೆ ಮುಚ್ಚಿದಂತೆಯೇ. ಒಂದೇ ಮಳೆ ಒಂದೇ ಸಲಕ್ಕೆ ತಟ್ಟದಂತೆ ಸಹಿದಾರರು ಬೇರೆ ಬೇರೆ ಕಡೆ ಹಂಚಿಕೊಂಡಿರಬೇಕು. ಮತದಾನದ ಅವಧಿ ಏಳು ದಿನಕ್ಕಿಂತ ಕಡಿಮೆ ಇರಬಾರದೆಂದು ನಾನು ಹಟ ಹಿಡಿಯುವುದೂ ಇದೇ ಕಾರಣಕ್ಕೆ.

ಸಹಿ ಹಾಕುವವರು ತಾವು ಏನಕ್ಕೆ ಸಹಿ ಹಾಕುತ್ತಿದ್ದೇವೆಂದು ಓದಿ ತಿಳಿಯಬೇಕು. 2024ರ ಜುಲೈಯಲ್ಲಿ ಭಾರತದ ವಜೀರ್‌ಎಕ್ಸ್ ವಿನಿಮಯ ಕೇಂದ್ರ 23 ಕೋಟಿ ಡಾಲರ್‌ಗೂ ಹೆಚ್ಚು ಕಳೆದುಕೊಂಡದ್ದು ಮಲ್ಟಿಸಿಗ್ ವ್ಯಾಲೆಟ್ ಇದ್ದುಕೊಂಡೇ. 2025ರ ಫೆಬ್ರುವರಿಯಲ್ಲಿ ಬೈಬಿಟ್ ವಿನಿಮಯ ಕೇಂದ್ರ ಸುಮಾರು 150 ಕೋಟಿ ಡಾಲರ್ ಕಳೆದುಕೊಂಡಾಗಲೂ ಪರದೆಯ ಮೇಲೆ ಕಂಡದ್ದು ಒಂದು, ಸಹಿ ಬಿದ್ದದ್ದು ಇನ್ನೊಂದಕ್ಕೆ. ಆದ್ದರಿಂದ ಪ್ರತಿಯೊಬ್ಬ ಸಹಿದಾರನೂ ಸಹಿಯ ಗುಪ್ತ ಕೀಲಿಯನ್ನು ಪ್ರತ್ಯೇಕ ಸಾಧನದಲ್ಲಿ ಇಡುವ ಹಾರ್ಡ್‌ವೇರ್ ವ್ಯಾಲೆಟ್ ಬಳಸಬೇಕು. ಪಾವತಿ ಹೋಗುವ ವಿಳಾಸ, ಮೊತ್ತ, ಟೋಕನ್ ಮೂರನ್ನೂ ಆ ಸಾಧನದ ಪುಟ್ಟ ಪರದೆಯಲ್ಲೇ ಓದಿ, ಮತ ಗೆದ್ದ ಪ್ರಸ್ತಾವದ ಜೊತೆ ತಾಳೆ ನೋಡಬೇಕು. ವಿಳಾಸದ ಮೊದಲ ನಾಲ್ಕು ಮತ್ತು ಕೊನೆಯ ನಾಲ್ಕು ಅಕ್ಷರ ಮಾತ್ರ ನೋಡುವ ಅಭ್ಯಾಸ ಬೇಡ. ಅವಷ್ಟೇ ಹೊಂದುವಂಥ ನಕಲಿ ವಿಳಾಸ ಸೃಷ್ಟಿಸಿ, ಅದರಿಂದ ಪುಡಿಗಾಸು ಕಳುಹಿಸಿ, ನಿಮ್ಮ ವಹಿವಾಟಿನ ಪಟ್ಟಿಯಲ್ಲಿ ಕುಳಿತು ಕಾಯುವ ವಂಚನೆ ಈಗ ಸಾಮಾನ್ಯವಾಗಿದೆ. ಮೊದಲ ಪಾವತಿಗೆ ಮುಂಚೆ ಸಣ್ಣ ಮೊತ್ತ ಕಳುಹಿಸಿ, ತಲುಪಿತೆಂದು ಪಡೆಯುವವರಿಂದ ಇನ್ನೊಂದು ದಾರಿಯಲ್ಲಿ, ಉದಾಹರಣೆಗೆ ಫೋನಿನಲ್ಲಿ, ಖಚಿತಪಡಿಸಿಕೊಳ್ಳಿ.

ಹೆಜ್ಜೆ 2: ಅಪರಿಚಿತನೂ ಪರೀಕ್ಷಿಸಬಹುದಾದ ಪ್ರಸ್ತಾವ

ಪ್ರಸ್ತಾವದ ಪ್ರತಿ ಸಾಲಿಗೂ ನಾನು ಒಂದು ಪರೀಕ್ಷೆ ಒಡ್ಡುತ್ತೇನೆ. ಸಮುದಾಯದ ಪರಿಚಯವೇ ಇಲ್ಲದ ಒಬ್ಬರು ಆರು ತಿಂಗಳ ನಂತರ ಇದನ್ನು ಓದಿದರೆ, ಕೆಲಸ ಆಗಿದೆಯೋ ಇಲ್ಲವೋ ಎಂದು ಯಾರನ್ನೂ ಕೇಳದೆ ಹೇಳಬಲ್ಲರೇ? ‘ದಕ್ಷಿಣ ಭಾರತದಲ್ಲಿ ಜಾಗೃತಿ ಮೂಡಿಸಲಾಗುವುದು’ ಎಂಬ ಸಾಲು ಈ ಪರೀಕ್ಷೆಯಲ್ಲಿ ಬಿದ್ದುಹೋಗುತ್ತದೆ. ‘ವ್ಯಾಲೆಟ್ ಸುರಕ್ಷತೆಯ ಬಗ್ಗೆ ಕನ್ನಡದಲ್ಲಿ ತಲಾ ಎಂಟು ನಿಮಿಷಕ್ಕೆ ಕಡಿಮೆ ಇಲ್ಲದ ಆರು ಪಾಠಗಳು, ಲಿಖಿತ ಪಠ್ಯದೊಂದಿಗೆ, ಡಿಸೆಂಬರ್ 15ರೊಳಗೆ, ಯಾರು ಬೇಕಾದರೂ ನಕಲಿಸಬಹುದಾದ ಪರವಾನಗಿಯಲ್ಲಿ’ ಎಂಬುದು ಪಾಸಾಗುತ್ತದೆ.

ಮೊತ್ತವನ್ನು ರೂಪಾಯಿ ಅಥವಾ ಡಾಲರ್‌ನಲ್ಲಿ ಬರೆಸಿ, ಟೋಕನ್‌ನಲ್ಲಿ ಬೇಡ. ಮತದ ದಿನ ಹತ್ತು ಸಾವಿರ ಡಾಲರ್ ಬೆಲೆಯಿದ್ದ ಟೋಕನ್ ಪಾವತಿಯ ದಿನ ಆರು ಸಾವಿರವಾಗಿದ್ದರೆ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಹದಿನೈದು ಸಾವಿರವಾಗಿದ್ದರೆ ಹೆಚ್ಚುವರಿ ಯಾರದೆಂಬ ಜಗಳ ಹುಟ್ಟುತ್ತದೆ. ಪಾವತಿಯ ದಿನದ ದರಕ್ಕೆ ಪರಿವರ್ತಿಸುವುದಾಗಿ ಬರೆದು, ಆ ದರವನ್ನು ಎಲ್ಲಿಂದ ತೆಗೆದುಕೊಳ್ಳುವಿರೆಂದೂ ಹೇಳಿರಿ. ಡಾಲರ್‌ನಂಥ ಕರೆನ್ಸಿಗೆ ಬೆಲೆ ಕಟ್ಟಿಹಾಕಿದ ಸ್ಟೇಬಲ್‌ಕಾಯಿನ್ ಬಳಸಿದರೂ ಸ್ವಲ್ಪ ಎಚ್ಚರ ಇರಲಿ. 2023ರ ಮಾರ್ಚ್‌ನಲ್ಲಿ ಅಮೆರಿಕದ ಬ್ಯಾಂಕೊಂದು ಕುಸಿದಾಗ ಯುಎಸ್‌ಡಿಸಿ ಎಂಬ ಸ್ಟೇಬಲ್‌ಕಾಯಿನ್ ಕೂಡ ಕೆಲ ಕಾಲ 90 ಸೆಂಟ್‌ಗಿಂತ ಕೆಳಗೆ ಇಳಿದಿತ್ತು.

ಉಳಿದಂತೆ ಪ್ರಸ್ತಾವದಲ್ಲಿ ಇರಬೇಕಾದದ್ದು: ಖರ್ಚಿನ ವಿಂಗಡಣೆ, ಈ ಹಿಂದೆ ಯಾವ ಯಾವ ಸಮುದಾಯಗಳಿಂದ ಅನುದಾನ ಪಡೆದು ಏನು ಮುಗಿಸಿದ್ದಾರೆಂಬ ವಿವರ, ಸಮಿತಿಯ ಸದಸ್ಯರ ಜೊತೆ ಇರುವ ಸಂಬಂಧ, ಹಣ ಪಡೆಯುವ ವಿಳಾಸ, ವರದಿಯ ದಿನಾಂಕ. ಸಂಬಂಧವನ್ನು ಮುಚ್ಚಿಡಬೇಕಿಲ್ಲ. ಕೊಡಗಿನಂಥ ಸಣ್ಣ ಜಿಲ್ಲೆಯಲ್ಲಿ ಎರಡು ಹೆಸರು ಹೇಳಿದರೆ ಮೂರನೆಯವರು ನೆಂಟರೆಂದು ತಿಳಿಯುತ್ತದೆ. ಸಮಿತಿಯವರ ತಂಗಿಯ ಮಗ ಅರ್ಜಿ ಹಾಕಿದರೆ ಅದು ಅಪರಾಧವಲ್ಲ. ಅದನ್ನು ಮೊದಲ ಸಾಲಿನಲ್ಲೇ ಬರೆದು, ಆ ಸದಸ್ಯರು ಚರ್ಚೆಯಿಂದಲೂ ಮತದಿಂದಲೂ ಸಹಿಯಿಂದಲೂ ದೂರ ಉಳಿದರೆ ಸಾಕು. ಹೆಸರು ಬಹಿರಂಗಪಡಿಸಲು ಇಷ್ಟವಿಲ್ಲದ ಅರ್ಜಿದಾರರ ಗುರುತನ್ನು ಸಮಿತಿ ನೇಮಿಸಿದ ಒಬ್ಬರು ಖಾಸಗಿಯಾಗಿ ಪರಿಶೀಲಿಸಿ, ‘ನೋಡಿದ್ದೇನೆ, ಸರಿಯಿದೆ’ ಎಂದಷ್ಟೇ ಬರೆಯಬಹುದು.

ಹೆಜ್ಜೆ 3: ಮತ ಮೊದಲು, ಹಣ ಆಮೇಲೆ

ಇದನ್ನು ಹೇಳಬೇಕಾಗಿ ಬರುತ್ತದೆಂದು ನಾನು ಅಂದುಕೊಂಡಿರಲಿಲ್ಲ. 2023ರಲ್ಲಿ ಆರ್ಬಿಟ್ರಮ್ ಎಂಬ ಬ್ಲಾಕ್‌ಚೈನ್ ಜಾಲದ ಪ್ರತಿಷ್ಠಾನ ತನ್ನ ಆಡಳಿತಕ್ಕೆ 75 ಕೋಟಿ ಎಆರ್‌ಬಿ ಟೋಕನ್ ಕೇಳುವ ಪ್ರಸ್ತಾವವನ್ನು ಮತಕ್ಕೆ ಇಟ್ಟಾಗ, ಅದರ ಒಂದು ಭಾಗ ಆಗಲೇ ಬಳಕೆಯಾಗಿತ್ತು. ಈ ಮತ ಬರೇ ಆಗಿಹೋದ ತೀರ್ಮಾನದ ಸ್ಥಿರೀಕರಣಕ್ಕಾಗಿ ಎಂದು ಪ್ರತಿಷ್ಠಾನ ಹೇಳಿದ ಮೇಲೆ ವಿರೋಧ ಇನ್ನೂ ಜೋರಾಯಿತು. ಸಹಕಾರ ಸಂಘದ ಭಾಷೆಯಲ್ಲಿ ಹೇಳುವುದಾದರೆ, ಖರ್ಚು ಮಾಡಿ ಬಂದು ಠರಾವಿಗೆ ಸಹಿ ಕೇಳಿದಂತೆ. ನಮ್ಮ ಸಂಘಗಳ ಮಹಾಸಭೆಯಲ್ಲಿ ಇದು ನಡೆದರೆ ಎದ್ದು ನಿಂತು ಕೇಳುವ ಹಿರಿಯರೊಬ್ಬರಾದರೂ ಇರುತ್ತಾರೆ.

ಮತದಾನದ ಯಂತ್ರವನ್ನೂ ನೋಡಿಕೊಳ್ಳಿ. 2022ರ ಏಪ್ರಿಲ್‌ನಲ್ಲಿ ಬೀನ್‌ಸ್ಟಾಕ್ ಎಂಬ ಯೋಜನೆಯ ಮೇಲೆ ದಾಳಿ ಮಾಡಿದವರು ಒಂದೇ ವಹಿವಾಟಿನಲ್ಲಿ ಪಡೆದು ಹಿಂದಿರುಗಿಸುವ ಫ್ಲ್ಯಾಶ್ ಸಾಲದಿಂದ ಮತಬಲ ಕೂಡಿಹಾಕಿ, ತಮ್ಮದೇ ಪ್ರಸ್ತಾವವನ್ನು ಗೆಲ್ಲಿಸಿ, ಯೋಜನೆಗೆ ಸುಮಾರು 18.2 ಕೋಟಿ ಡಾಲರ್ ನಷ್ಟ ಮಾಡಿದರು. 2024ರ ಜುಲೈ ಕೊನೆಯಲ್ಲಿ ಕಾಂಪೌಂಡ್ ಎಂಬ ಕ್ರಿಪ್ಟೊ ಸಾಲದ ವೇದಿಕೆಯಲ್ಲಿ 4.99 ಲಕ್ಷ ಸಿಒಎಂಪಿ ಟೋಕನ್, ಅಂದರೆ ಆಗಿನ ಬೆಲೆಯಲ್ಲಿ ಸುಮಾರು 2.4 ಕೋಟಿ ಡಾಲರ್, ಒಂದು ಗುಂಪಿನ ಯೋಜನೆಗೆ ಹೋಗುವ ಪ್ರಸ್ತಾವ ಸುಮಾರು 6.82 ಲಕ್ಷಕ್ಕೆ 6.34 ಲಕ್ಷ ಮತಗಳಿಂದ ಗೆದ್ದಿತು. ಇಲ್ಲಿ ಯಾವ ಕೋಡೂ ಮುರಿದಿರಲಿಲ್ಲ; ಎದುರು ಮತ ಹಾಕಬೇಕಾದವರಲ್ಲಿ ಸಾಕಷ್ಟು ಜನ ಬರಲಿಲ್ಲ. ಕೊನೆಗೆ ಮಾತುಕತೆಯಾಗಿ ಆ ಪ್ರಸ್ತಾವ ರದ್ದಾಯಿತು. ರದ್ದು ಮಾಡಲು ಸಮಯ ಸಿಕ್ಕಿದ್ದು, ಮತ ಗೆದ್ದ ಮೇಲೆಯೂ ಹಣ ಹೊರಡಲು ಕೆಲ ದಿನ ತಡೆಯುವ ಟೈಮ್‌ಲಾಕ್ ಇದ್ದುದರಿಂದ. ನಿಮ್ಮ ಖಜಾನೆಗೆ ಟೈಮ್‌ಲಾಕ್ ಇಲ್ಲದಿದ್ದರೆ ಮೊದಲ ಪ್ರಸ್ತಾವ ಅದರ ಬಗ್ಗೆಯೇ ಇರಲಿ.

ಹೆಜ್ಜೆ 4: ಕಂತು

ತೋಟದ ಮಾಲೀಕರಿಗೆ ಅಡ್ವಾನ್ಸಿನ ಕಥೆ ಹೊಸದಾಗಿ ಹೇಳಬೇಕಿಲ್ಲ. ಕೊಯ್ಲಿಗೆ ಆಳು ತರುತ್ತೇನೆಂದು ಪೂರ್ತಿ ಮುಂಗಡ ಪಡೆದ ಮೇಸ್ತ್ರಿಯ ಫೋನು ಡಿಸೆಂಬರ್‌ನಲ್ಲಿ ಸ್ವಿಚ್ ಆಫ್ ಆಗಿರುತ್ತದೆ, ಹಣ್ಣು ಗಿಡದಲ್ಲೇ ಒಣಗುತ್ತದೆ. ಹಾಗೆಂದು ಮುಂಗಡವನ್ನೇ ಕೊಡದಿದ್ದರೆ ಕೈಯಲ್ಲಿ ಕಾಸಿಲ್ಲದ ಒಳ್ಳೆಯ ಕೆಲಸಗಾರ ಬರುವುದೇ ಇಲ್ಲ. ನಾವು ಅನುಸರಿಸುವ ಹಂಚಿಕೆ ಹೀಗಿದೆ: ಆರಂಭಕ್ಕೆ ನೂರಕ್ಕೆ 25, ಮಧ್ಯದ ಎರಡು ಹಂತಗಳಿಗೆ ತಲಾ 25, ಅಂತಿಮ ವರದಿ ಒಪ್ಪಿತವಾದ ಮೇಲೆ ಉಳಿದ 25. ಮೊತ್ತ ತೀರಾ ಸಣ್ಣದಾದರೆ ಎರಡೇ ಕಂತು ಸಾಕು; ಐನೂರು ಡಾಲರ್‌ಗೆ ನಾಲ್ಕು ವರದಿ ಬರೆಸುವುದು ಯಾರಿಗೂ ಹಿತವಲ್ಲ.

ಪ್ರತಿ ಹಂತ ಮುಗಿದಿದೆ ಎಂದು ದೃಢೀಕರಿಸುವವರು ಯಾರೆಂದು ಮೊದಲೇ ಹೆಸರಿಸಬೇಕು. ಅವರು ಸಹಿದಾರರಾಗಿರಬಾರದು. ದೃಢೀಕರಣಕ್ಕೂ ಗಡುವು ಇರಬೇಕು. ಹತ್ತು ದಿನದೊಳಗೆ ಸಮಿತಿ ಉತ್ತರ ಕೊಡದಿದ್ದರೆ ಕಂತು ತಾನಾಗಿಯೇ ಬಿಡುಗಡೆಯಾಗಬೇಕೆಂದು ನಾವು ಬರೆದುಕೊಂಡಿದ್ದೇವೆ. ಕೆಲಸ ಮಾಡಿದವರಿಂದ ಮಾತ್ರ ಶಿಸ್ತು ನಿರೀಕ್ಷಿಸಿ ಹಣ ಕೊಡುವವರು ತಿಂಗಳುಗಟ್ಟಲೆ ಸುಮ್ಮನಿರುವುದೂ ಲೆಕ್ಕ ತಪ್ಪಿದಂತೆಯೇ. ಸಂಬಳದ ರೀತಿಯ ನಿರಂತರ ಕೆಲಸಕ್ಕೆ ಸ್ಯಾಬ್ಲಿಯರ್, ಸೂಪರ್‌ಫ್ಲೂಯಿಡ್‌ನಂಥ ಸ್ಟ್ರೀಮಿಂಗ್ ಪಾವತಿ ಅನುಕೂಲ. ಅಲ್ಲಿ ಹಣ ಕ್ಷಣಕ್ಷಣಕ್ಕೂ ಸ್ವಲ್ಪ ಸ್ವಲ್ಪವೇ ಹರಿಯುತ್ತದೆ, ಕೆಲಸ ನಿಂತರೆ ಹರಿವನ್ನೂ ನಿಲ್ಲಿಸಬಹುದು. ಸ್ಟ್ರೀಮ್ ತೆರೆಯುವಾಗ ಅದು ರದ್ದು ಮಾಡಬಹುದಾದ ಬಗೆಯದೇ ಎಂದು ನೋಡಿಕೊಳ್ಳಿ, ಏಕೆಂದರೆ ರದ್ದು ಮಾಡಲಾಗದ ಬಗೆಯೂ ಇದೆ.

ಹೆಜ್ಜೆ 5: ಇನ್‌ಫ್ಲುಯೆನ್ಸರ್ ಒಪ್ಪಂದ

ಅನುದಾನಗಳಲ್ಲಿ ಅತಿ ಹೆಚ್ಚು ಸೋರುವುದು ಇಲ್ಲೇ, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ತಂತ್ರಾಂಶವಾದರೆ ಕೋಡ್ ಕಣ್ಣೆದುರು ಇರುತ್ತದೆ. ಪ್ರಚಾರದಲ್ಲಿ ಕೈಗೆ ಸಿಗುವುದು ಸ್ಕ್ರೀನ್‌ಶಾಟ್ ಮಾತ್ರ.

ಸಮಿತಿಗೆ ಬಂದ ಮೊದಲ ವರ್ಷ ನಾವು ಒಂದು ಪ್ರಚಾರ ಏಜೆನ್ಸಿಯ ಮೂಲಕ ಕೆಲವು ವಿಡಿಯೊ ಮಾಡುವವರಿಗೆ ಹಣ ಕೊಟ್ಟೆವು. ಪೂರ್ತಿ ಹಣ ಏಜೆನ್ಸಿಯ ಒಂದೇ ವಿಳಾಸಕ್ಕೆ ಹೋಯಿತು. ಆ ಪಾವತಿಗೆ ಸಹಿ ಹಾಕಿದವರಲ್ಲಿ ನಾನೂ ಒಬ್ಬ. ಅಲ್ಲಿಂದ ಮುಂದೆ ಯಾರಿಗೆ ಎಷ್ಟು ಸಿಕ್ಕಿತೆಂಬುದು ನಮಗೆ ಇವತ್ತಿಗೂ ಗೊತ್ತಿಲ್ಲ. ವರದಿಯಲ್ಲಿ ವೀಕ್ಷಣೆಯ ದೊಡ್ಡ ದೊಡ್ಡ ಅಂಕಿಗಳಿದ್ದವು, ಎರಡು ತಿಂಗಳಲ್ಲಿ ಎರಡು ವಿಡಿಯೊಗಳೇ ಅಳಿಸಿಹೋಗಿದ್ದವು. ಒಂದರಲ್ಲಂತೂ ‘ಖಚಿತ ಲಾಭ’ ಎಂಬ ಮಾತಿತ್ತೆಂದು ನಮ್ಮೂರಿನ ಹುಡುಗನೊಬ್ಬ ಹೇಳಿದ ಮೇಲೆ ನಮಗೆ ತಿಳಿಯಿತು. ಕೆಳಗಿನ ನಿಯಮಗಳಲ್ಲಿ ಹೆಚ್ಚಿನವು ಆ ಒಂದು ಸಹಿಯಿಂದ ಕಲಿತವು.

ಮಧ್ಯವರ್ತಿ ಇದ್ದರೆ, ಯಾವ ವಾಹಿನಿಗೆ ಎಷ್ಟು ಹಣ, ಏಜೆನ್ಸಿಯ ಕಮಿಷನ್ ಎಷ್ಟು ಎಂಬ ಪಟ್ಟಿಯನ್ನು ಮತದಾನಕ್ಕೆ ಮುಂಚೆಯೇ ಪಡೆಯಿರಿ. ಸಾಧ್ಯವಾದರೆ ಕಮಿಷನ್ ಮಾತ್ರ ಏಜೆನ್ಸಿಗೆ ಕೊಟ್ಟು, ಉಳಿದದ್ದನ್ನು ವಿಡಿಯೊ ಮಾಡುವವರ ವಿಳಾಸಕ್ಕೇ ನೇರವಾಗಿ ಕಳುಹಿಸಿ. ಪಟ್ಟಿ ಕೊಡಲು ಒಪ್ಪದವರ ಜೊತೆ ವ್ಯವಹಾರ ಬೇಡ.

ಆಯ್ಕೆ ಮಾಡುವಾಗ ಅವರ ಅತಿ ಹೆಚ್ಚು ಓಡಿದ ವಿಡಿಯೊ ನೋಡಬೇಡಿ, ಕೊನೆಯ ಇಪ್ಪತ್ತು ವಿಡಿಯೊಗಳ ವೀಕ್ಷಣೆಯನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿದಾಗ ನಡುವೆ ಬರುವ ಅಂಕಿ ನೋಡಿ. ಕನ್ನಡ ವಿಡಿಯೊದ ಕೆಳಗೆ ಕನ್ನಡದ ಪ್ರಶ್ನೆಗಳಿವೆಯೇ, ಅವರು ಉತ್ತರಿಸಿದ್ದಾರೆಯೇ ಎಂದು ಓದಿ. ಹಿಂದೆ ಅವರು ಹೊಗಳಿದ ಯೋಜನೆಗಳು ಈಗ ಎಲ್ಲಿವೆ, ಮುಳುಗಿದ್ದರೆ ಆಮೇಲೆ ವೀಕ್ಷಕರಿಗೆ ಏನಾದರೂ ಹೇಳಿದ್ದಾರೆಯೇ ಎಂಬುದು ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ. ಹಳೆಯ ವಿಡಿಯೊಗಳನ್ನು ಸದ್ದಿಲ್ಲದೆ ಅಳಿಸಿದವರು ನಿಮ್ಮದನ್ನೂ ಅಳಿಸುತ್ತಾರೆ.

ಫಲವನ್ನು ಅಳೆಯುವ ವಿಷಯದಲ್ಲಿ ಕಾಫಿ ಬೆಳೆಗಾರರಿಗೆ ವಿವರಣೆ ಹೆಚ್ಚು ಬೇಕಾಗದು. ಚೆರಿ, ಅಂದರೆ ಒಣಗಿಸಿದ ಕಾಫಿ ಹಣ್ಣು, ಮಾರುವಾಗ 50 ಕಿಲೋ ಚೀಲದ ತೂಕ ಸರಿಯಿದ್ದರೆ ಸಾಲದು. ಸಿಪ್ಪೆ ಹೋದ ಮೇಲೆ ಎಷ್ಟು ಕಿಲೋ ಬೀಜ ದಕ್ಕುತ್ತದೆ ಎಂಬ ಔಟ್‌ಟರ್ನ್ ಮೇಲೆ ದರ ನಿಲ್ಲುತ್ತದೆ. 26 ಬಂದ ಚೀಲಕ್ಕೂ 28 ಬಂದ ಚೀಲಕ್ಕೂ ಹೊರಗಿನಿಂದ ವ್ಯತ್ಯಾಸ ಕಾಣುವುದಿಲ್ಲ. ವೀಕ್ಷಣೆಯ ಅಂಕಿ ಚೀಲದ ತೂಕವಿದ್ದಂತೆ. ಪ್ರತಿಯೊಬ್ಬ ಇನ್‌ಫ್ಲುಯೆನ್ಸರ್‌ಗೂ ಬೇರೆ ಬೇರೆ ಕೊಂಡಿ ಕೊಟ್ಟು, ಅದರ ಮೂಲಕ ಬಂದ ಹೊಸ ವ್ಯಾಲೆಟ್‌ಗಳು ಎಷ್ಟು, ಮೂವತ್ತು ದಿನದ ನಂತರ ಅವುಗಳಲ್ಲಿ ಎಷ್ಟು ಮತ್ತೆ ಬಂದು ಏನಾದರೂ ಮಾಡಿವೆ ಎಂಬುದನ್ನು ಎಣಿಸಿರಿ. ಹೊಸ ವ್ಯಾಲೆಟ್‌ಗಳಿಗೆಲ್ಲ ಮೊದಲ ಹಣ ಒಂದೇ ಖಾಸಗಿ ವಿಳಾಸದಿಂದ ಬಂದಿದ್ದರೆ ಅವು ಒಬ್ಬರದೇ ಕೈಯಲ್ಲಿರುವ ಬಾಡಿಗೆ ಗುಂಪು ಎಂದು ಸಂಶಯಿಸಲು ಕಾರಣವಿದೆ. ಈ ತಪಾಸಣೆಗೆ, ಬ್ಲಾಕ್‌ಚೈನ್ ವಹಿವಾಟುಗಳನ್ನು ತೋರಿಸುವ ಈಥರ್‌ಸ್ಕ್ಯಾನ್‌ನಂಥ ಸಾರ್ವಜನಿಕ ತಾಣ ಸಾಕು, ದುಬಾರಿ ಸಲಕರಣೆ ಬೇಡ.

ಹಣ ಎಷ್ಟು ಎಂಬುದಕ್ಕಿಂತ ಯಾವ ರೂಪದಲ್ಲಿ ಎಂಬುದು ಹೆಚ್ಚು ಅಪಾಯದ್ದು. ಸಮುದಾಯದ್ದೇ ಟೋಕನ್ ಕೊಟ್ಟರೆ, ಹೊಗಳಿ ಬೆಲೆ ಏರಿದ ದಿನ ಮಾರಿಕೊಳ್ಳುವ ಆಸೆಯನ್ನು ನಾವೇ ಕೊಟ್ಟಂತಾಗುತ್ತದೆ. ರೂಪಾಯಿ ಅಥವಾ ಸ್ಟೇಬಲ್‌ಕಾಯಿನ್ ಕೊಡಿ. ಟೋಕನ್ನೇ ಕೊಡಬೇಕಾಗಿ ಬಂದರೆ ವರ್ಷವಿಡೀ ಸ್ವಲ್ಪ ಸ್ವಲ್ಪವಾಗಿ ಬಿಡುಗಡೆಯಾಗುವಂತೆ ಕಟ್ಟಿಹಾಕಿ, ಆ ವಿಳಾಸವನ್ನು ಬಹಿರಂಗಪಡಿಸಿ. ಜನರು ಹೂಡಿದ ಹಣದ ಮೇಲೆ ಕಮಿಷನ್ ಕೊಡುವ ಪದ್ಧತಿಯನ್ನು ನಾನು ಯಾವ ಪ್ರಸ್ತಾವದಲ್ಲೂ ಬೆಂಬಲಿಸಿಲ್ಲ. ತನ್ನೂರಿನವರು ಎಷ್ಟು ಹಣ ಹಾಕಿದರೆ ಅಷ್ಟು ತನಗೆ ಲಾಭ ಎಂಬ ಸ್ಥಿತಿಯಲ್ಲಿ ಇರುವವನಿಂದ ನಷ್ಟದ ಮಾತು ಬಾರದು.

ಇನ್ನು ಬಹಿರಂಗಪಡಿಸುವ ಹೊಣೆ. 2022ರ ಅಕ್ಟೋಬರ್‌ನಲ್ಲಿ ಅಮೆರಿಕದ ಷೇರು ನಿಯಂತ್ರಕ ಸಂಸ್ಥೆಯಾದ ಎಸ್‌ಇಸಿಯು ಕಿಮ್ ಕರ್ದಾಶಿಯನ್ ವಿರುದ್ಧ ಹೂಡಿದ್ದ ಪ್ರಕರಣ 12.6 ಲಕ್ಷ ಡಾಲರ್‌ಗೆ ಇತ್ಯರ್ಥವಾಯಿತು. ಈಥೀರಿಯಮ್‌ಮ್ಯಾಕ್ಸ್ ಎಂಬ ಟೋಕನ್ ಬಗ್ಗೆ ಹಾಕಿದ ಒಂದು ಪೋಸ್ಟ್‌ಗೆ ಅವರು 2.5 ಲಕ್ಷ ಡಾಲರ್ ಪಡೆದಿದ್ದರು. ಅದು ಜಾಹೀರಾತೆಂಬ ಗುರುತು ಪೋಸ್ಟ್‌ನಲ್ಲಿತ್ತು, ಎಷ್ಟು ಹಣ ಪಡೆದದ್ದೆಂದು ಹೇಳಿರಲಿಲ್ಲ. ಭಾರತದಲ್ಲಿ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 21ನೇ ಕಲಂ ಪ್ರಕಾರ ದಾರಿ ತಪ್ಪಿಸುವ ಜಾಹೀರಾತನ್ನು ಅನುಮೋದಿಸಿದವರಿಗೂ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ವಿಧಿಸಬಹುದು. ಒಂದು ವರ್ಷ, ಪುನರಾವರ್ತನೆಯಾದರೆ ಮೂರು ವರ್ಷದವರೆಗೆ ಅನುಮೋದನೆ ನೀಡದಂತೆ ತಡೆಯಬಹುದು. ಅನುಮೋದಿಸುವ ಮುನ್ನ ತಕ್ಕ ಪರಿಶೀಲನೆ ಮಾಡಿದ್ದೆನೆಂದು ತೋರಿಸಿದವರಿಗೆ ರಕ್ಷಣೆಯಿದೆ. ಆದ್ದರಿಂದ ವಿಡಿಯೊ ಮಾಡುವವರು ಯೋಜನೆಯ ಬಗ್ಗೆ ಏನೇನು ಓದಿದರು, ಯಾರನ್ನು ಏನು ಕೇಳಿದರು ಎಂಬುದನ್ನು ಬರೆದಿಟ್ಟುಕೊಳ್ಳುವುದು ಅವರಿಗೇ ಒಳಿತು.

ಜಾಹೀರಾತು ಮಾನದಂಡ ಮಂಡಳಿಯಾದ ಎಎಸ್‌ಸಿಐ, ಕ್ರಿಪ್ಟೊ ಜಾಹೀರಾತುಗಳಿಗೆಂದೇ 2022ರ ಏಪ್ರಿಲ್ 1ರಿಂದ ಮಾರ್ಗಸೂಚಿ ಜಾರಿಗೆ ತಂದಿದೆ. ಕ್ರಿಪ್ಟೊ ಉತ್ಪನ್ನಗಳು ಮತ್ತು ಎನ್‌ಎಫ್‌ಟಿಗಳು (ಡಿಜಿಟಲ್ ವಸ್ತುಗಳ ಒಡೆತನದ ಟೋಕನ್‌ಗಳು) ನಿಯಂತ್ರಣಕ್ಕೆ ಒಳಪಟ್ಟಿಲ್ಲ, ಅವುಗಳಲ್ಲಿ ಭಾರಿ ಅಪಾಯ ಇರಬಹುದು, ಇಂಥ ವಹಿವಾಟಿನ ನಷ್ಟಕ್ಕೆ ನಿಯಂತ್ರಕರಿಂದ ಪರಿಹಾರ ಸಿಗದಿರಬಹುದು ಎಂಬ ಎಚ್ಚರಿಕೆ ಪ್ರತಿ ಜಾಹೀರಾತಿನಲ್ಲೂ ಇರಬೇಕು. ವಿಡಿಯೊದಲ್ಲಿ ಈ ಪಠ್ಯವನ್ನು ಸರಳ ಹಿನ್ನೆಲೆಯ ಮೇಲೆ ಕನಿಷ್ಠ ಐದು ಸೆಕೆಂಡ್ ತೋರಿಸಿ, ಸಾಮಾನ್ಯ ವೇಗದಲ್ಲಿ ಓದಬೇಕು. ಎರಡು ನಿಮಿಷ ಮೀರಿದ ವಿಡಿಯೊದಲ್ಲಿ ಮೊದಲೂ ಕೊನೆಯೂ ಬರಬೇಕು. ಜಾಹೀರಾತಿನ ಮುಖ್ಯ ಭಾಷೆಯಲ್ಲೇ ಎಚ್ಚರಿಕೆಯೂ ಇರಬೇಕು. ಹತ್ತು ನಿಮಿಷ ಕನ್ನಡದಲ್ಲಿ ಮಾತನಾಡಿ, ಕೊನೆಗೆ ಇಂಗ್ಲಿಷಿನಲ್ಲಿ ಗಡಿಬಿಡಿಯಿಂದ ಓದಿ ಮುಗಿಸುವವರು ಗಮನಿಸಬೇಕಾದ ಮಾತಿದು. ಕರೆನ್ಸಿ, ಸೆಕ್ಯುರಿಟೀಸ್, ಕಸ್ಟೋಡಿಯನ್, ಡಿಪಾಸಿಟರಿ ಎಂಬ ಪದಗಳನ್ನು ಬಳಸುವಂತಿಲ್ಲ, ಏಕೆಂದರೆ ಅವು ನಿಯಂತ್ರಿತ ಉತ್ಪನ್ನವೆಂಬ ಭ್ರಮೆ ಹುಟ್ಟಿಸುತ್ತವೆ.

ಒಪ್ಪಂದದಲ್ಲಿ ನಾವು ಈಗ ಬಳಸುವ ಸಾಲುಗಳು ಇವು, ಬೇಕಾದವರು ನಕಲಿಸಿಕೊಳ್ಳಬಹುದು. ‘ಹಣ ಪಡೆದು ಈ ವಿಡಿಯೊ ಮಾಡಿದ್ದೇನೆಂದು, ಮೊತ್ತವನ್ನೂ ಸೇರಿಸಿ, ಮೊದಲ ಮೂವತ್ತು ಸೆಕೆಂಡಿನೊಳಗೆ ಕನ್ನಡದಲ್ಲಿ ಹೇಳುತ್ತೇನೆ, ವಿವರಣೆಯ ಮೊದಲ ಸಾಲಿನಲ್ಲಿ ಬರೆಯುತ್ತೇನೆ. ಬೆಲೆ, ಲಾಭ, ಎಷ್ಟು ಪಟ್ಟು ಏರುತ್ತದೆ ಎಂಬ ಯಾವ ಭವಿಷ್ಯವನ್ನೂ ನುಡಿಯುವುದಿಲ್ಲ. ಟೀಕೆ ಮಾಡುವ ಸ್ವಾತಂತ್ರ್ಯ ನನಗಿದೆ, ಸಮಿತಿ ತಿದ್ದುಪಡಿ ಕೇಳಬಹುದಾದದ್ದು ವಾಸ್ತವದ ತಪ್ಪುಗಳಿಗೆ ಮಾತ್ರ. ಪ್ರಕಟವಾದ ದಿನಕ್ಕೆ ಮೂವತ್ತು ದಿನ ಮುಂಚಿನಿಂದ ತೊಂಬತ್ತು ದಿನದ ನಂತರದವರೆಗೆ ಈ ಟೋಕನ್ನನ್ನು ಕೊಳ್ಳುವುದಿಲ್ಲ, ಮಾರುವುದಿಲ್ಲ. ವಿಡಿಯೊವನ್ನು ಹನ್ನೆರಡು ತಿಂಗಳು ಉಳಿಸಿಕೊಳ್ಳುತ್ತೇನೆ, ತೆಗೆಯಬೇಕಾದರೆ ಕಾರಣವನ್ನು ಮೊದಲೇ ತಿಳಿಸುತ್ತೇನೆ.’ ಟೀಕೆಯ ಸ್ವಾತಂತ್ರ್ಯದ ಸಾಲಿಗೆ ಸಮಿತಿಯಲ್ಲೇ ವಿರೋಧ ಬಂದಿತ್ತು. ದುಡ್ಡು ಕೊಟ್ಟು ಬೈಸಿಕೊಳ್ಳುವುದೇ ಎಂದರು. ಆ ಸಾಲು ಇಲ್ಲದ ಒಪ್ಪಂದಕ್ಕೆ ಸಹಿ ಹಾಕಲಾರೆ ಎಂದೆ, ಉಳಿಯಿತು.

ಹೆಜ್ಜೆ 6: ತೆರಿಗೆ ಮತ್ತು ಕಾನೂನಿನ ಕಡತ

ಕೆಲಸಕ್ಕೆ ಪ್ರತಿಯಾಗಿ ಬಂದ ಟೋಕನ್ ಕೈಸೇರಿದ ದಿನದ ಬೆಲೆಯಲ್ಲಿ ಆದಾಯವೆಂದು ಬರೆದಿಡಿ. ಆಮೇಲೆ ಮಾರಿದಾಗ ಬಂದ ಲಾಭ ಬೇರೆಯೇ ಲೆಕ್ಕ. ಆ ಲಾಭಕ್ಕೆ ಶೇ 30ರ ತೆರಿಗೆ ಇದೆ (1961ರ ಆದಾಯ ತೆರಿಗೆ ಕಾಯ್ದೆಯಲ್ಲಿ 115ಬಿಬಿಎಚ್ ಕಲಂ). ಅದರಿಂದ ಕಳೆಯಬಹುದಾದದ್ದು ಕೊಂಡ ಬೆಲೆ ಮಾತ್ರ. ಒಂದು ಟೋಕನ್‌ನ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಹೊಂದಿಸಲು ಬರುವುದಿಲ್ಲ. ವರ್ಗಾವಣೆಗೆ ಶೇ 1ರ ಟಿಡಿಎಸ್, ಅಂದರೆ ಮೂಲದಲ್ಲೇ ತೆರಿಗೆ ಕಡಿತ, 2022ರ ಜುಲೈ 1ರಿಂದ ಇದೆ (1961ರ ಕಾಯ್ದೆಯಲ್ಲಿ 194ಎಸ್ ಕಲಂ). 2025ರ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಕಲಂ ಸಂಖ್ಯೆಗಳು ಬದಲಾಗಿವೆ, ಆದ್ದರಿಂದ ಕಡತದಲ್ಲಿ ಸಂಖ್ಯೆಯ ಜೊತೆ ವಿಷಯವನ್ನೂ ಬರೆದಿಡಿ. ತೋಟ ಇರುವವರು ಈ ಹಣವನ್ನು ಕಾಫಿಯ ಖಾತೆಗೆ ಸೇರಿಸಬಾರದು. ಬೆಳೆದು ಕ್ಯೂರಿಂಗ್ (ಸಿಪ್ಪೆ ತೆಗೆದು ಸಂಸ್ಕರಣೆ) ಮಾಡಿ ಮಾರಿದ ಕಾಫಿಯ ಆದಾಯದಲ್ಲಿ ಶೇ 25, ಹುರಿದು ಪುಡಿ ಮಾಡಿ ಮಾರಿದರೆ ಶೇ 40 ಮಾತ್ರ ಕೇಂದ್ರದ ಆದಾಯ ತೆರಿಗೆಗೆ ಒಳಪಡುತ್ತದೆ. ಆ ಲೆಕ್ಕದೊಳಗೆ ಟೋಕನ್ ಹಣ ಬೆರೆತರೆ ಬಿಡಿಸುವುದು ಕಷ್ಟ, ಅಧಿಕಾರಿಗೆ ಸಂಶಯ ಬರುವುದು ಸುಲಭ.

ಯುವಕ ಸಂಘ, ಟ್ರಸ್ಟ್, ದೇವಸ್ಥಾನ ಸಮಿತಿಯಂಥವು ವಿದೇಶಿ ಪ್ರತಿಷ್ಠಾನದ ಅನುದಾನವನ್ನು ತಮ್ಮ ಹೆಸರಿನಲ್ಲಿ ಪಡೆಯಲು ಹೋಗಬಾರದು. ಅದಕ್ಕೆ 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಡಿ ನೋಂದಣಿ ಅಥವಾ ಪೂರ್ವಾನುಮತಿ ಬೇಕು, 2020ರ ತಿದ್ದುಪಡಿಯ ನಂತರ ಅಂಥ ದೇಣಿಗೆ ಮೊದಲು ಬರಬೇಕಾದದ್ದು ಭಾರತೀಯ ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೆ. ಒಬ್ಬ ವ್ಯಕ್ತಿ ಮಾಡಿದ ಕೆಲಸಕ್ಕೆ ಪಡೆಯುವ ಶುಲ್ಕದ ಮಾತು ಬೇರೆ. ಎರಡರ ನಡುವಿನ ಗೆರೆ ನಿಮ್ಮ ವಿಷಯದಲ್ಲಿ ಎಲ್ಲಿ ಬೀಳುತ್ತದೆಂದು ಚಾರ್ಟರ್ಡ್ ಅಕೌಂಟೆಂಟ್ ಒಬ್ಬರನ್ನು ಹಣ ಬರುವ ಮೊದಲೇ ಕೇಳಿ.

ಹೆಜ್ಜೆ 7: ತಿಂಗಳ ಜಮಾ-ಖರ್ಚು

ಒಂದೇ ಹಾಳೆ ಸಾಕು. ದಿನಾಂಕ, ಪ್ರಸ್ತಾವದ ಸಂಖ್ಯೆ, ಬಾಬು, ಯಾರಿಗೆ, ಟೋಕನ್ ಮೊತ್ತ, ಆ ದಿನದ ರೂಪಾಯಿ ಬೆಲೆ, ವಹಿವಾಟಿನ ಹ್ಯಾಶ್ (ಅದರ ಗುರುತಿನ ಸಂಖ್ಯೆ), ಬಂದ ಕೆಲಸದ ಕೊಂಡಿ, ದೃಢೀಕರಿಸಿದವರು. ಕೊನೆಯ ಎರಡು ಅಂಕಣಗಳೇ ಚೆಕ್‌ರೋಲ್, ಹಣ ಹೋದ ದಿನ, ವಿಳಾಸ, ಮೊತ್ತವನ್ನು ಬ್ಲಾಕ್‌ಚೈನ್ ಆಗಲೇ ಬರೆದಿಟ್ಟಿದೆ. ಆ ಎರಡು ಖಾಲಿ ಇದ್ದರೆ ಖಾಲಿಯಾಗಿಯೇ ಪ್ರಕಟಿಸಿ. ಮಡಿಕೇರಿ ದಸರಾದ ಮಂಟಪ ಸಮಿತಿಯವರಿಗಾಗಲಿ ಊರ ಹಬ್ಬದವರಿಗಾಗಲಿ ವಂತಿಗೆ ಕೊಟ್ಟವರು ರಸೀದಿ ಪುಸ್ತಕದ ಕ್ರಮಸಂಖ್ಯೆ ನೋಡುತ್ತಾರೆ, ನಡುವೆ ಒಂದು ಹಾಳೆ ಇಲ್ಲದಿದ್ದರೆ ಕೇಳುತ್ತಾರೆ. ಅದೇ ರೀತಿ ರದ್ದಾದ, ವಿಫಲವಾದ ಪಾವತಿಗಳಿಗೂ ಕ್ರಮಸಂಖ್ಯೆ ಇರಲಿ.

ವಿಡಿಯೊ, ಪೋಸ್ಟ್‌ಗಳ ಸ್ಕ್ರೀನ್‌ಶಾಟ್ ನಂಬಬೇಡಿ. ಪ್ರಕಟವಾದ ದಿನವೇ ಕೊಂಡಿಯನ್ನು ಸಾರ್ವಜನಿಕ ಸಂಗ್ರಹ ತಾಣದಲ್ಲಿ ಉಳಿಸಿ, ವಿಡಿಯೊದ ಒಂದು ಪ್ರತಿಯನ್ನು ಸಮಿತಿಯ ಬಳಿ ಇಟ್ಟುಕೊಳ್ಳಿ. ವರದಿ ಕನ್ನಡದಲ್ಲೂ ಇರಬೇಕು, ಕನ್ನಡಿಗರಿಗೆಂದು ಖರ್ಚಾದ ಹಣದ ಲೆಕ್ಕವನ್ನು ಕನ್ನಡಿಗರು ಓದಿಯೇ ತಪ್ಪು ಹಿಡಿಯಬೇಕಲ್ಲ.

ಹೆಜ್ಜೆ 8: ತಪ್ಪಿದಾಗ, ಮುಗಿದಾಗ

ಬ್ಲಾಕ್‌ಚೈನ್‌ನಲ್ಲಿ ಹೋದ ಹಣವನ್ನು ಬ್ಯಾಂಕಿಗೆ ಅರ್ಜಿ ಹಾಕಿ ತಡೆಯಲಾಗುವುದಿಲ್ಲ. ಗಡುವು ತಪ್ಪಿದ ಏಳನೇ ದಿನ ಕಾರಣ ಕೇಳಿ, ಇಪ್ಪತ್ತೊಂದನೇ ದಿನದೊಳಗೆ ಉತ್ತರ ಬಾರದಿದ್ದರೆ ಮುಂದಿನ ಕಂತು ತಡೆದು, ನಡೆದದ್ದನ್ನು ದಿನಾಂಕ ಸಹಿತ ಪ್ರಕಟಿಸಿ. ಬರೆಯುವಾಗ ‘ಕಳ್ಳ’, ‘ಮೋಸಗಾರ’ ಎಂಬ ಪದ ಬೇಡ. ‘ಎರಡನೇ ಕಂತು ಇಂಥ ದಿನ ಪಾವತಿಯಾಗಿದೆ, ಮೂರು ಪಾಠಗಳಲ್ಲಿ ಒಂದು ಬಂದಿದೆ’ ಎಂದಷ್ಟೇ ಸಾಕು. ಅವರ ಮನೆ ವಿಳಾಸ, ಮನೆಯವರ ಚಿತ್ರ ಹರಡುವುದು ಯಾವ ಕಾರಣಕ್ಕೂ ಕೂಡದು. ಕಾಯಿಲೆ, ಸಾವು, ಭೂಕುಸಿತದಂಥ ಕಾರಣವಿದ್ದರೆ ಗಡುವು ಮುಂದೂಡಲು ಸಮಿತಿಗೆ ಅಧಿಕಾರವಿರಲಿ. 2018ರ ಆಗಸ್ಟ್ ನೋಡಿದ ಜಿಲ್ಲೆಯವರಿಗೆ ಇದರ ಅಗತ್ಯ ಬಿಡಿಸಿ ಹೇಳಬೇಕಿಲ್ಲ. ನಮ್ಮ ಆ ಏಜೆನ್ಸಿಯ ವಿಷಯದಲ್ಲಿ ಕೊನೆಗೆ ಪ್ರಕಟಿಸಿದ ಟಿಪ್ಪಣಿಯಲ್ಲಿ ಸಹಿ ಹಾಕಿದವರ ಹೆಸರುಗಳೂ ಇದ್ದವು, ನನ್ನದು ಎರಡನೆಯದು.

ಯೋಜನೆ ಮುಗಿದಾಗ ಉಳಿಕೆ ಹಣ ಖಜಾನೆಗೆ ಹಿಂದಿರುಗಿದ ವಹಿವಾಟನ್ನು ಹಾಳೆಯಲ್ಲಿ ಬರೆದು ಕಡತ ಮುಚ್ಚಿರಿ. ವರ್ಷಕ್ಕೊಮ್ಮೆ ಸಹಿದಾರರ ಪಟ್ಟಿ ಪರಿಶೀಲಿಸಿ, ಬಿಟ್ಟುಹೋದವರ ಕೀಲಿಯನ್ನು ಮಲ್ಟಿಸಿಗ್‌ನಿಂದ ತೆಗೆಯಿರಿ, ಹೊಸಬರಿಂದ ಒಂದು ಸಣ್ಣ ಪಾವತಿಗೆ ಸಹಿ ಹಾಕಿಸಿ ಕೀಲಿ ಕೆಲಸ ಮಾಡುತ್ತಿದೆಯೇ ಎಂದು ನೋಡಿ. ನಾವು ಇದನ್ನು ಮೇ ತಿಂಗಳಲ್ಲಿ ಇಟ್ಟುಕೊಂಡಿದ್ದೇವೆ: ಆರ್ಥಿಕ ವರ್ಷದ ಲೆಕ್ಕ ಮುಗಿದಿರುತ್ತದೆ, ಕೊಯ್ಲಿನ ಗಡಿಬಿಡಿ ಇರುವುದಿಲ್ಲ, ಮಳೆ ಹಿಡಿಯಲು ಇನ್ನೂ ಎರಡು ಮೂರು ವಾರ ಇರುತ್ತದೆ.